ಏಳನೆಯ ಖಾನೆಯ ಗಾಜು

ಆಳಂದದಲ್ಲಿದ್ದ ನಮ್ಮ ಹಳೆಯ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಬೆಳಕು ಮಾಳಿಗೆಯ ಮೇಲಿನಿಂದಲೇ ಇಳಿಯಬೇಕಿತ್ತು. ಒಲೆಯ ಹೊಗೆಗೆ ಮೂಲೆಯಲ್ಲಿ ಬೇರೆ ಕಿಂಡಿ. ನಡುವೆ, ಅವ್ವ ರೊಟ್ಟಿ ಬಡಿಯುವ ಜಾಗದ ನೆತ್ತಿಗೆ ಸರಿಯಾಗಿ, ಒಂದು ಮೊಳ ಅಗಲದ ಬೆಳಕಿಂಡಿ. ಬೇಸಿಗೆಯಲ್ಲಿ ಅದರಿಂದ ಬಿದ್ದ ಬಿಸಿಲಿನ ಚೌಕ ಬೆಳಿಗ್ಗೆ ಹಿಟ್ಟಿನ ಡಬ್ಬಿಯ ಮೇಲಿದ್ದು ಮಧ್ಯಾಹ್ನಕ್ಕೆ ಬೀಸುವ ಕಲ್ಲಿನ ಹತ್ತಿರ ಸರಿಯುತ್ತಿತ್ತು; ಅದನ್ನು ನೋಡಿಯೇ ಅವ್ವ ಅಪ್ಪನ ಬುತ್ತಿ ಕಟ್ಟುತ್ತಿದ್ದಳು. ಮಳೆಗಾಲ ಬಂತೆಂದರೆ ಅಪ್ಪ ಅದರ ಮೇಲೆ ತಗಡು ಹಾಕಿ ಕಲ್ಲು ಹೇರುತ್ತಿದ್ದ. ಆಮೇಲೆ ನಾಲ್ಕು ತಿಂಗಳು ಹಾಡುಹಗಲಲ್ಲೂ ಚಿಮಣಿ ದೀಪ. ಅಂಥ ಒಂದು ಮಳೆಗಾಲದಲ್ಲಿ ಅವ್ವ ಹಂಚು ಎಲ್ಲಿದೆ ಎಂದು ತಡವರಿಸಿ ಎಡಗೈಯ ಮೂರು ಬೆರಳು ಸುಟ್ಟುಕೊಂಡಳು. ನಾನು ಮಾಡಿದ್ದೆಲ್ಲ ಆ ಮೂರು ಬೆರಳಿನಿಂದ ಶುರುವಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ತಿರುಗಿದೆ. ಅವ್ವನ ಸುಟ್ಟ ಬೆರಳನ್ನು ಮುಂದೆ ಹಿಡಿದು ಅದರ ಹಿಂದೆ ಅಡಗುವುದು ಇನ್ನು ಸಾಕು. ನನ್ನ ಜೀವನಕಥೆಯ ಈ ಅಧ್ಯಾಯದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮನೆಯಲ್ಲಿ ಐದು ಜನ. ದಾಲ್ ಮಿಲ್ಲಿನಲ್ಲಿ ತೊಗರಿ ತೂಗುತ್ತಿದ್ದ ಅಪ್ಪ, ಅವ್ವ, ನಾನು, ಅಪ್ಪನ ತಂದೆಯಾದ ಮುತ್ಯಾ, ಮತ್ತು ಗೋದಾಯಿ. ಮುತ್ಯಾ ಮೂಲತಃ ನಿಂಬರ್ಗಾದವನು. ಹರೆಯದಲ್ಲಿ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿ, ಅಲ್ಲಿ ಒಬ್ಬ ಫೋಟೋ ತೆಗೆಯುವವನ ಕೈಕೆಳಗೆ ಕೆಲಸ ಕಲಿತು, ಕೊನೆಗೆ ಪುಣೆಯ ಕಡೆಯ ಒಂದು ಸಿನಿಮಾ ಕಂಪನಿ ಸೇರಿದ. ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲ. ಚಿತ್ರ ತೆಗೆಯುವ ಕ್ಯಾಮೆರಾ ತಿರುಗಿಸುವವನು ಬೇರೆ. ಮುತ್ಯಾನದು ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡ ಪೆಟ್ಟಿಗೆ ಕ್ಯಾಮೆರಾ, ಅದರೊಳಗೆ ಒಂದು ಸಲಕ್ಕೆ ಒಂದು ಗಾಜಿನ ಪ್ಲೇಟು. ಒಂದು ದೃಶ್ಯ ಮುಗಿದು ಇನ್ನೊಂದಕ್ಕೆ ತಯಾರಿ ನಡೆಯುವ ನಡುವಿನ ಹೊತ್ತು ಅವನದು. ರಾಜನ ರುಮಾಲಿನ ಸೆರಗು ಯಾವ ಹೆಗಲ ಮೇಲಿತ್ತು, ಕತ್ತಿ ಯಾವ ಕೈಯಲ್ಲಿತ್ತು ಎಂಬುದು ಮರುದಿನಕ್ಕೆ ನೆನಪಿರಲೆಂದು ಕಂಪನಿಯವರು ಅವನಿಂದ ಫೋಟೋ ತೆಗೆಸುತ್ತಿದ್ದರು. ಉಳಿದ ಪ್ಲೇಟುಗಳಲ್ಲಿ ಅವನು ತನಗೆ ಬೇಕಾದದ್ದನ್ನು ತೆಗೆದುಕೊಂಡ. ಸಿಂಹಾಸನದ ಹಿಂದೆ ಕೂತು ಬೀಡಿ ಸೇದುವ ರಾಜ, ಬೆಳ್ಳಿ ಕಾಗದ ಅಂಟಿಸಿದ ಹಲಗೆ ಹಿಡಿದು ಬಿಸಿಲನ್ನು ನಟರ ಮುಖಕ್ಕೆ ತಿರುಗಿಸುವ ಆಳುಗಳು, ಸೀರೆ ಉಟ್ಟು ಕ್ಷೌರ ಮಾಡಿಸಿಕೊಳ್ಳುತ್ತಿರುವ ಗಂಡಸು ರಾಣಿ. ಮಾತಿನ ಸಿನಿಮಾ ಬಂದ ಮೇಲೆ ಕಂಪನಿ ಮುಚ್ಚಿತು. ಆ ಚಿತ್ರಗಳ ಸುರುಳಿಗಳು ಎಲ್ಲೆಲ್ಲೋ ಸುಟ್ಟು, ಕರಗಿ ಹೋದವು. ಮುತ್ಯಾ ಊರಿಗೆ ಬಂದಾಗ ತಂದದ್ದು ಎರಡು ಕಟ್ಟಿಗೆಯ ಪೆಟ್ಟಿಗೆ ಮತ್ತು ಗೋದಾಯಿ.

ಗೋದಾಯಿ ನಮಗೆ ರಕ್ತಸಂಬಂಧಿಯಲ್ಲ. ಅಫಜಲಪುರ ತಾಲೂಕಿನ ಕರಜಗಿಯವಳು. ಅವಳ ತಂದೆ ಗೌಡರ ಮನೆಯ ಕುದುರೆ ನೋಡಿಕೊಳ್ಳುತ್ತಿದ್ದ. ಹೊಳೆಯ ಮರಳಿನಲ್ಲಿ ಜೀನಿಲ್ಲದ ಕುದುರೆ ಓಡಿಸಿ ಬೆಳೆದ ಹುಡುಗಿ. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನವೇ ಹೊರಬಿದ್ದು ಪಂಢರಪುರದ ದಾರಿ ಹಿಡಿದಳಂತೆ. ಅಲ್ಲಿ ನದಿಯ ದಂಡೆಯಲ್ಲಿ ಮುತ್ಯಾನ ಕಂಪನಿ ಚಿತ್ರ ತೆಗೆಯುತ್ತಿತ್ತು. ನಾಯಕ ಕುದುರೆಯ ಹತ್ತಿರವೂ ಹೋಗಲೊಲ್ಲ. ನಿಂತು ನೋಡುತ್ತಿದ್ದ ಈಕೆ ನಕ್ಕಳು, ನಕ್ಕಿದ್ದಕ್ಕೆ ಅವರು ಹತ್ತು ನೋಡೋಣ ಎಂದರು, ಹತ್ತಿದಳು. ಮುಂದೆ ಏಳು ವರ್ಷ ನಾಯಕನ ಬದಲಿಗೆ ಕುದುರೆ ಹತ್ತಿದವಳು, ನಾಯಕಿಯ ಬದಲಿಗೆ ಬಾವಿಗೆ ಹಾರಿದವಳು, ಗೋಡೆಯಿಂದ ಬಿದ್ದವಳು ಇವಳೇ. ಕ್ಯಾಮೆರಾಕ್ಕೆ ಮುಖ ತೋರಿಸಬಾರದು, ಅದೇ ಅವಳ ಕೆಲಸದ ಮೊದಲ ಕರಾರು. ಪರದೆಯ ಮೇಲೆ ಅವಳದೆಂದು ಇದ್ದದ್ದು ಒಂದು ಬೆನ್ನು, ಒಂದಿಷ್ಟು ಧೂಳು. ಕಂಪನಿ ಮುಚ್ಚಿದಾಗ ಹೋಗಲು ಜಾಗವಿಲ್ಲದ ಅವಳನ್ನು ಮುತ್ಯಾ ತಂಗಿ ಎಂದು ಮನೆಗೆ ಕರೆತಂದ. ಆಗ ಬದುಕಿದ್ದ ನನ್ನ ಅಜ್ಜಿ ಒಂದು ದಿನ ಮುನಿದು, ಮರುದಿನ ಅವಳ ಮುಂದೆ ಬೀಸುವ ಕಲ್ಲು ಇಟ್ಟು ಒಳಗೆ ಸೇರಿಸಿಕೊಂಡಳಂತೆ. ಓಣಿಯ ಜನ ಮಾತ್ರ ಮುತ್ಯಾನ ಹೆಸರಿನ ಜೊತೆ ಅವಳ ಹೆಸರನ್ನು ಸೇರಿಸಿ ಆಡುವುದನ್ನು ಬಿಡಲಿಲ್ಲ.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮುತ್ಯಾನ ಕಣ್ಣು ಪೂರ್ತಿ ಹೋಗಿದ್ದವು. ಊಟದ ಹೊತ್ತಿಗೆ ಪಡಸಾಲೆಯಲ್ಲಿ ಅವನನ್ನು ಕೂಡಿಸಿ ಗಂಗಾಳ ಮುಂದಿಟ್ಟರೆ ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ, ಇದು ಸೊಸೆ ಬಡಿದದ್ದು, ಇದು ಗೋದಾ ಬಡಿದದ್ದು ಎಂದು ಹೇಳುತ್ತಿದ್ದ. ಊಟವಾದ ಮೇಲೆ ಪೆಟ್ಟಿಗೆಗಳನ್ನು ಪಕ್ಕಕ್ಕೆ ಎಳೆದುಕೊಂಡು, ಬೀಗ ತೆಗೆಯದೆಯೇ, ಮುಚ್ಚಳದ ಮೇಲೆ ಕೈಯಿಟ್ಟು ಒಳಗಿನ ಒಂದೊಂದು ಪ್ಲೇಟಿನ ಕಥೆ ಹೇಳುತ್ತಿದ್ದ. ಮೇಲಿನ ಪೆಟ್ಟಿಗೆಯಲ್ಲಿ ಹನ್ನೆರಡು ಖಾನೆ, ಹನ್ನೆರಡು ಪ್ಲೇಟು. ತೆರೆದರೆ ಧೂಳು ಕೂರುತ್ತದೆ, ತಂಪು ಹೊಗುತ್ತದೆ ಎಂದು ಅದನ್ನು ಹತ್ತು ವರ್ಷದಿಂದ ತೆರೆದಿರಲಿಲ್ಲ. ಅಪ್ಪನಿಗೆ ಈ ಕಥೆಗಳೆಂದರೆ ಮೈ ಉರಿಯುತ್ತಿತ್ತು.

"ನಿಂಬರ್ಗಾದಾಗ ನಮ್ಮವ್ವ ಮಂದಿ ಹೊಲದಾಗ ತೊಗರಿ ಕೊಯ್ಯಾಕತ್ತಿದ್ದಳು. ಇವ ಅಲ್ಲಿ ರಾಜಾಗ ಬೀಡಿ ಸೇದಸ್ಕೋತ ಕುಂತಿದ್ದ."

"ನಾ ಸೇದಸಲಿಲ್ಲೋ. ಸೇದೋದು ತಗದೆ," ಎನ್ನುತ್ತಿದ್ದ ಮುತ್ಯಾ.

"ಅವನೌನ, ದೊಡ್ಡ ಫರಕ!"

ಇಬ್ಬರ ನಡುವೆ ಗೋದಾಯಿ ಮಜ್ಜಿಗೆಯ ತಂಬಿಗೆ ತಂದಿಡುತ್ತಿದ್ದಳು. "ಜಗಳ ಮುಗದಿದ್ರ ಕುಡೀರಿ. ಮುಗದಿಲ್ಲಂದ್ರ ಕುಡದು ಆಡ್ರಿ."

ಏಳನೆಯ ಪ್ಲೇಟು ಗೋದಾಯಿಯದು. ಮುತ್ಯಾ ಅದರ ಕಥೆಗೆ ಬಂದಾಗ ದನಿ ಇಳಿಸುತ್ತಿದ್ದ. ಸಿಪಾಯಿಯ ವೇಷ ಹಾಕಿದ ಗೋದಾ, ಕುದುರೆಯಿಂದ ಬಿದ್ದು ಎದ್ದು ಬಂದು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕಾಲು ಅಗಲಿಸಿ ಕೂತಿದ್ದಾಳೆ. ರುಮಾಲು ಮೊಣಕಾಲ ಮೇಲಿದೆ, ಕೂದಲು ಹರಡಿದೆ. ಅಂಟಿಸಿದ ಮೀಸೆಯ ಒಂದು ತುದಿ ಕಿತ್ತು ಜೋತುಬಿದ್ದಿದೆ. ಬಶಿಗೆ ಚಹಾ ಸುರಿದುಕೊಂಡು ನಗುತ್ತಿದ್ದಾಳೆ. ಆ ಕಾಲದ ಪ್ಲೇಟಿಗೆ ಮೂರು ಎಣಿಸುವವರೆಗೆ ಯಾರೂ ಅಲುಗಾಡಬಾರದಂತೆ. ಹಿಂದೆ ಹಲಗೆ ಹಿಡಿದವನೂ ಉಸಿರು ಬಿಗಿಹಿಡಿದು ನಿಂತಿದ್ದ, ಈಕೆಯೊಬ್ಬಳೇ ನಕ್ಕಳು, ಆದರೂ ಗಾಜಿನಲ್ಲಿ ನಗು ಕಲಸಿಹೋಗಲಿಲ್ಲ ಎಂದು ಹೇಳುವಾಗ ಮುತ್ಯಾ ತಾನೂ ನಗುತ್ತಿದ್ದ. ಅದನ್ನು ಕಾಗದಕ್ಕೆ ಇಳಿಸಿರಲೇ ಇಲ್ಲ. ಗಾಜಿನಲ್ಲಿ ಎಲ್ಲವೂ ಉಲ್ಟಾ, ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವುದರಿಂದ ಗೋದಾಯಿ ಅದನ್ನು ನೋಡಲೂ ಒಪ್ಪಿರಲಿಲ್ಲ. "ಕರಿ ಮಾರಿ, ಬಿಳಿ ಕೂದಲ. ಅಷ್ಟ ಮುದುಕಿ ಆದಾಗ ಕನ್ನಡ್ಯಾಗ ನೋಡ್ಕೋತೇನಿ ಬಿಡಣ್ಣ," ಎಂದುಬಿಟ್ಟಿದ್ದಳಂತೆ.

ಅವ್ವ ಬೆರಳು ಸುಟ್ಟುಕೊಂಡ ಮರುವರ್ಷ, ಮಳೆಗೆ ಇನ್ನೂ ತಿಂಗಳಿರುವಾಗ, ಮುತ್ಯಾ ಉಡದಾರದಲ್ಲಿ ಕಟ್ಟಿಕೊಂಡಿದ್ದ ಕೀಲಿಕೈ ಬಿಚ್ಚಿ ನನಗೆ ಕೊಟ್ಟ. ನನಗಾಗ ಹದಿನಾಲ್ಕು.

"ಹಣಮ್ಯಾ, ಕೆಳಗಿನ ಪೆಟ್ಟಿಗ್ಯಾಗ ಕೆಟ್ಟ ಪ್ಲೇಟು ಅವ. ಬಿಸಿನೀರಿಗಿ ಸೋಡಾ ಹಾಕಿ ನೆನಸು, ಮ್ಯಾಲಿನ ಪೊರಿ ಏಳ್ತದ. ನಾಕು ಗಾಜು ಮಾಡಿ ನಿಮ್ಮವ್ವಗ ಬೆಳಕು ಮಾಡಿಕೊಡು. ಮ್ಯಾಲಿನ ಪೆಟ್ಟಿಗಿ ಮುಟ್ಟಬ್ಯಾಡ."

ಮುಟ್ಟಬೇಡ ಎಂದ ಪೆಟ್ಟಿಗೆಯನ್ನೇ ಮೊದಲು ತೆರೆದೆ. ಏಳನೆಯ ಖಾನೆಯ ಪ್ಲೇಟನ್ನು ತೆಗೆದು ಹಿತ್ತಲಿಗೆ ಒಯ್ದು, ನನ್ನ ಗೆಳೆಯ ಬಸ್ಯಾನನ್ನು ಕರೆದು, ಬಿಸಿಲಿಗೆ ಹಿಡಿದು ತೋರಿಸಿದೆ. ನಮ್ಮ ಮನೆಯಲ್ಲಿ ಸಿನಿಮಾದವರಿದ್ದಾರೆ ಎಂಬ ಜಂಬ. ಅವನು ಗಾಜಿನ ಮೇಲೆ ಮೂಗಿಟ್ಟು ನೋಡಿದ. ಸಂಜೆಯೊಳಗೆ ಓಣಿಯ ಹುಡುಗರೆಲ್ಲ ತಮ್ಮ ಮೂಗಿನ ಕೆಳಗೆ ಮಸಿಯಿಂದ ಮೀಸೆ ಬರೆದುಕೊಂಡು ನಮ್ಮ ಬಾಗಿಲ ಮುಂದೆ ಸಾಲಾಗಿ ಕೂತಿದ್ದರು, ಕಾಲು ಅಗಲಿಸಿ.

"ಲೇ ಹಣಮ್ಯಾ, ನಿಮ್ಮ ಮೀಸಿ ಆಯಿಗಿ ಚಹಾ ಕುಡಿಯಾಕ ಕರಿಯಲೇ!"

ಗೋದಾಯಿ ಒಳಗಿನಿಂದ ಬಂದು ಅವರನ್ನು ನೋಡಿದಳು. ಬಸ್ಯಾನ ಮೀಸೆಯನ್ನು ಹೆಬ್ಬೆರಳಿನಿಂದ ಒರೆಸಿ, "ಛಲೋ ಬಂದಿಲ್ಲಲೇ, ಎಡಗಡಿ ಸೊಟ್ಟ ಆಗ್ಯಾದ," ಎಂದು ಒಳಗೆ ಹೋದಳು. ಹುಡುಗರು ಮತ್ತಷ್ಟು ನಕ್ಕರು. ನನಗೆ ಅವರಿಗಿಂತ ಅವಳ ಮೇಲೆ ಸಿಟ್ಟು ಬಂತು. ನಾಚಬೇಕಾದವಳು ನಾಚುತ್ತಿಲ್ಲ, ಅವಳ ಪಾಲಿನ ನಾಚಿಕೆಯನ್ನೂ ನಾನೇ ಹೊರಬೇಕು ಎಂದು ಅನಿಸಿತು.

ಕೆಳಗಿನ ಪೆಟ್ಟಿಗೆಯಲ್ಲಿ ಒಡೆಯದೆ ಉಳಿದಿದ್ದವು ನಾಲ್ಕೇ. ಮೂರು ಸರಿಯಾಗಿ ತೊಳೆದೆ. ನಾಲ್ಕನೆಯದಕ್ಕೆ ಕುದಿವ ನೀರು ಸುರಿದಾಗ ಅದು ಟಪ್ ಎಂದು ಅಡ್ಡಕ್ಕೆ ಸೀಳಿತು. ಬಡಿಗ ಆಗಲೇ ನಾಲ್ಕು ಗಾಜಿನ ಚೌಕಟ್ಟು ಮಾಡಿಕೊಟ್ಟಿದ್ದ, ಅವ್ವ ದಿನಕ್ಕೆರಡು ಸಲ ಕೇಳುತ್ತಿದ್ದಳು. ಮೇಲಿನ ಪೆಟ್ಟಿಗೆಯಿಂದ ಒಂದು ತೆಗೆಯದೆ ಬೇರೆ ದಾರಿ ಇರಲಿಲ್ಲ, ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದೆ — ಹೀಗೆಂದು ನನಗೆ ನಾನೇ ಅರುವತ್ತು ವರ್ಷ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಚೌಕಟ್ಟಿಗೆ ಮೂರು ಗಾಜು ಹಾಕಿ ನಾಲ್ಕನೆಯದಕ್ಕೆ ತಗಡು ಬಡಿಯಬಹುದಿತ್ತು. ಹನ್ನೆರಡರಲ್ಲಿ ಬೇರೆ ಯಾವುದನ್ನಾದರೂ ತೆಗೆಯಬಹುದಿತ್ತು. ನನ್ನ ಕೈ ಏಳನೆಯ ಖಾನೆಗೇ ಹೋಯಿತು. ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಕಪ್ಪು ಮುಖದ ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆ ಬೆಳ್ಳಗೆ ಕಾಣುತ್ತಿದ್ದವು. ಇದು ಇಲ್ಲದಿದ್ದರೆ ಮನೆಗೆ ಒಳ್ಳೆಯದು ಎಂದು ಸ್ಪಷ್ಟವಾಗಿ, ಮಾತಿನಲ್ಲೇ, ಅಂದುಕೊಂಡೆ. ಸೋಡಾ ನೀರಿಗೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಪೊರೆ ಹಾಲಿನ ಕೆನೆಯಂತೆ ಮಡಚಿಕೊಂಡು ಎದ್ದಿತು. ಉಗುರಿನಿಂದ ಕೆರೆದೆ. ಚೌಕಟ್ಟಿನ ಮರ ಮುಚ್ಚುವ ಒಂದು ಅಂಚನ್ನು ಮಾತ್ರ, ಹೇಗೂ ಕಾಣುವುದಿಲ್ಲವಲ್ಲ ಎಂದು, ಹಾಗೇ ಬಿಟ್ಟೆ. ಆಮೇಲೆ ಎಂಟನೆಯದನ್ನು ಏಳಕ್ಕೆ, ಒಂಬತ್ತನೆಯದನ್ನು ಎಂಟಕ್ಕೆ ಸರಿಸುತ್ತ ಬಂದು, ಹನ್ನೆರಡನೆಯ ಖಾನೆ ಖಾಲಿ ಬಿಟ್ಟು ಬೀಗ ಹಾಕಿದೆ. ಆ ಮಳೆಗಾಲವಿಡೀ ನಮ್ಮ ಅಡುಗೆಮನೆಯಲ್ಲಿ ಬೆಳಕಿತ್ತು. ನೋಡಲು ಓಣಿಯ ಹೆಂಗಸರೆಲ್ಲ ಬಂದರು. ಅವ್ವ ನನ್ನ ಗದ್ದ ಹಿಡಿದು ಶಹಾಣ್ಯಾ ಎಂದಳು. ಗೋದಾಯಿ ಗಾಜಿನ ಮೇಲೆ ಬೀಳುವ ಮಳೆ ನೋಡುತ್ತ ಹಿಟ್ಟು ನಾದುತ್ತಿದ್ದಳು.

ಆ ವರ್ಷದ ತೊಗರಿ ರಾಶಿಯ ಕಾಲಕ್ಕೆ ಕರಜಗಿಯಿಂದ ಅಂಬಾರಾಯ ಬಂದ. ಗೋದಾಯಿಯ ಒಡಹುಟ್ಟಿದ ತಮ್ಮ. ಮೂವತ್ತು ವರ್ಷದಲ್ಲಿ ಅವನು ನಮ್ಮ ಹೊಸ್ತಿಲು ಹತ್ತಿದ್ದು ಅದೇ ಮೊದಲು. ಕೊಟ್ಟ ನೀರನ್ನು ಮುಟ್ಟದೆ ಪಡಸಾಲೆಯ ಅಂಚಿನಲ್ಲಿ ಕೂತ.

"ಅಕ್ಕ, ನನ್ನ ಮಗಳು ಶರಣಿ ಲಗ್ನ ಗೊತ್ತಾಗ್ಯಾದ. ಜೇವರ್ಗಿ ಕಡಿ ಮಂದಿ. ನಿಮ್ಮಕ್ಕ ಆಳಂದದಾಗ ಯಾರ ಮನ್ಯಾಗ, ಏನಾಗಿ ಇದ್ದಾಳ ಅಂತ ಅವರು ಕೇಳಾಕತ್ತಾರ."

"ನೀ ಏನಂದಿ?"

"ನಾ ಏನನ್ಲಿ? ನನಗರ ಏನ್ ಗೊತ್ತದ?"

"ಕುದುರಿ ಹತ್ತಿ ದುಡದಾಳ ಅನಬೇಕಿತ್ತು."

"ನಗ್ತಾರ ಅಕ್ಕ. ಹೆಣಮಗಳು ಸಿನಿಮಾದಾಗ ಕುದುರಿ ಹತ್ತತಿದ್ದಳಂತ, ಮಾರಿ ಮಾತ್ರ ಒಬ್ರೂ ನೋಡಿಲ್ಲಂತ. ಇದನ್ನ ಹ್ಯಾಂಗ ಹೇಳ್ಲಿ?"

ಗೋಡೆಗೆ ಒರಗಿದ್ದ ಮುತ್ಯಾ ನೆಟ್ಟಗೆ ಕೂತ. "ಮಾರಿ ನಾ ನೋಡೀನಿ, ಅಂಬಾರಾಯಪ್ಪ. ಗಾಜಿನ ಮ್ಯಾಲ ತಗದಿಟ್ಟೀನಿ. ದುಡದು ಬಂದು ಚಹಾ ಕುಡಿಯಾಕತ್ತಾಳ, ಸುತ್ತ ಕೆಲಸದ ಮಂದಿ ನಿಂತಾರ. ಈಗ ನೋಡು. ನಾಳಿ ಇಲ್ಲೇ ಪ್ಯಾಟಿಯೊಳಗ ಕಾಗದಕ್ಕ ಇಳಿಸಿ ಕೊಡ್ತೇನಿ, ಜೇವರ್ಗಿಯವರ ಕೈಯಾಗ ಇಡು."

ಅಂಬಾರಾಯ ಮುತ್ಯಾನ ಕಡೆ ತಿರುಗಿ ಕೂತ. ಅವನೇನೂ ಕೆಟ್ಟವನಲ್ಲ. ಅವನಿಗೂ ನಂಬಲು ಏನಾದರೊಂದು ಬೇಕಾಗಿತ್ತು. "ಖರೆ ಅದ ಅಂದ್ರ ಇವತ್ತಿನ ಗಾಡಿಗೇ ಅಕ್ಕನ ಕರಕೊಂಡ ಹೋಗ್ತೇನಿ ನೋಡ್ರಿ. ನಮ್ಮ ಮನಿತನದಾಗ ಮದಿಮಗಳಿಗಿ ಅರಿಷಿಣದ ಮೊದಲ ಕೈ ಸೋದರತ್ತಿದು. ಆ ಕೈ ಇಲ್ದ ಹ್ಯಾಂಗ ಮಾಡ್ಲಿ ಅಂತ ನಾನೂ ನಿದ್ದಿ ಬಿಟ್ಟೀನಿ."

ಗೋದಾಯಿ ಒಳಗೆ ಹೋದಳು. ಹೊರಬರುವಾಗ ತಲೆ ಬಾಚಿ, ಒಗೆದ ಸೀರೆ ಉಟ್ಟು, ಕೈಯಲ್ಲಿ ಗಂಟು ಹಿಡಿದಿದ್ದಳು. ಪೆಟ್ಟಿಗೆ ಇನ್ನೂ ತೆರೆದಿರಲಿಲ್ಲ.

ಪಡಸಾಲೆಗೆ ಬಿಸಿಲು ಸಾಲದೆಂದು ಅಡುಗೆಮನೆಯ ಬೆಳಕಿಂಡಿಯ ಕೆಳಗೇ ಎಲ್ಲರೂ ಕೂತೆವು. ಮುತ್ಯಾ ಬೆರಳಿನಿಂದ ಖಾನೆ ಎಣಿಸಿ ಏಳನೆಯದನ್ನು ಎತ್ತಿ ಅಂಬಾರಾಯನ ಕೈಗೆ ಕೊಟ್ಟ. ಅವನು ಅದನ್ನು ಮೇಲೆ ಹಿಡಿದು ಆಚೀಚೆ ತಿರುಗಿಸಿದ.

"ಅರಮನಿ ಕಾಣ್ತದ್ರಿ. ಕಂಬ ಅವ, ಬಾಗಲ ಅದ. ಮಂದಿನೇ ಇಲ್ಲ."

ಬಣ್ಣ ಬಳಿದ ಬಟ್ಟೆಯ ಅರಮನೆ. ಯಾರೂ ಇನ್ನೂ ಬಂದಿರದ ಹೊತ್ತಿನಲ್ಲಿ ತೆಗೆದದ್ದು. ಮುತ್ಯಾ ಎಂಟನೆಯದು ಕೊಟ್ಟ, ಆರನೆಯದು ಕೊಟ್ಟ, ಕೊನೆಗೆ ಎಲ್ಲವನ್ನೂ ಒಂದೊಂದಾಗಿ ಕೊಟ್ಟ. ಅಂಬಾರಾಯ ಪ್ರತಿಯೊಂದನ್ನೂ ನಿಧಾನವಾಗಿ ನೋಡಿದ. ರಾಜ ಇದ್ದ, ಆಳುಗಳಿದ್ದರು, ಕುದುರೆಯೂ ಇತ್ತು. ಮುತ್ಯಾನ ಕೈ ಖಾಲಿ ಖಾನೆಯೊಳಗೆ ಹೋಗಿ ಹೊರಬಂತು. ಮತ್ತೆ ಹೋಯಿತು.

"ಹಣಮ್ಯಾ. ಕೆಟ್ಟ ಪ್ಲೇಟು ತಗದಾಗ ಈ ಪೆಟ್ಟಿಗಿ ತಗದಿದ್ದೇನು?"

"ಧೂಳ ಒರಸಾಕ ತಗದಿದ್ದೆ ಮುತ್ಯಾ."

"ಎಷ್ಟಿದ್ದವು?"

"ಹನ್ನೊಂದು."

"ಹನ್ನೆರಡನೇ ಖಾನಿ?"

"ಅದು ಖಾಲಿನೇ ಇತ್ತು."

ಹದಿನಾಲ್ಕರ ಹುಡುಗನ ದನಿ ಒಂದಿಷ್ಟೂ ನಡುಗಲಿಲ್ಲ. ಕೈ ಅವ್ವನ ಸೆರಗು ಹಿಡಿದು ಸುಮ್ಮನಿತ್ತು. ಮುತ್ಯಾನಿಗೆ ನನ್ನ ಕಣ್ಣು ಬಿಟ್ಟರೆ ಬೇರೆ ಕಣ್ಣಿರಲಿಲ್ಲ. ಅವನು ಅದನ್ನು ನಂಬಿದ. ಅಂಬಾರಾಯ ಎದ್ದು ಮೈಮೇಲಿನ ಶಾಲು ಝಾಡಿಸಿದ. ಯಾರ ಮುಖವನ್ನೂ ನೋಡದೆ, "ಜೇವರ್ಗಿಯವರಿಗಿ ಅಕ್ಕ ಇಲ್ಲಂತ ಹೇಳ್ತೇನಿ. ಸತ್ತಾಳಂತ," ಎಂದ.

"ಹೇಳು," ಎಂದಳು ಗೋದಾಯಿ. "ನಡಿ, ಗಾಡಿ ಹೊತ್ತಾಯ್ತು ನಿನಗ."

ಅವನು ಹೋದ ಮೇಲೆ ಅವಳು ಗಂಟು ಬಿಚ್ಚಿ, ಒಗೆದ ಸೀರೆ ಮಡಚಿಟ್ಟು, ಹಳೆಯದನ್ನೇ ಉಟ್ಟು ಬಂದು ಒಲೆಯ ಮುಂದೆ ಕೂತಳು. ಅಂದು ಸಂಜೆ ಎಲ್ಲ ಕೇಳಿದ ಅಪ್ಪ ಮೊದಲ ಸಲ ಮುತ್ಯಾನಿಗೆ ಏನೂ ಅನ್ನಲಿಲ್ಲ.

ಮುತ್ಯಾ ಮಾತ್ರ ಬದಲಾದ. ಪ್ಲೇಟು ಕಳೆದಿದೆ ಎಂದು ಅವನು ಅಂದುಕೊಳ್ಳಲಿಲ್ಲ, ಯಾಕೆಂದರೆ ಪೆಟ್ಟಿಗೆ ಅವನನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ತಾನು ಅದನ್ನು ತೆಗೆದೇ ಇಲ್ಲವೇನೋ, ಕಣ್ಣಿದ್ದಾಗ ನೋಡಿದ ನೆನಪೂ ಬರೀ ಕನಸೇನೋ ಎಂದು ಅವನಿಗೆ ಅನಿಸತೊಡಗಿತು. ಪ್ಲೇಟನ್ನು ಕ್ಯಾಮೆರಾದ ಹಿಂದೆ ಇಟ್ಟ ಮೇಲೆ ಅದರ ಮುಂದಿನ ತೆಳು ಹಲಗೆಯನ್ನು ಎಳೆಯಬೇಕು. ಎಳೆಯದೆ ಮರೆತರೆ ಎಷ್ಟು ಎಣಿಸಿದರೂ ಗಾಜಿಗೆ ಬೆಳಕು ತಾಗದು, ಏನೂ ಮೂಡದು. ಹೊಸಬರು ಮಾಡುವ ತಪ್ಪು. "ಆಕಿ ನಗೋದು ನೋಡಿ ಹಲಗಿ ಎಳ್ಯೋದು ಮರತೆನೇನೋ," ಎಂದು ಒಂದು ದಿನ ಅಂದ. ಆಮೇಲೆ ದಿನವೂ ಹೊರಸಿನ ಮೇಲೆ ಕೂತು ಅವನ ಕೈಗಳು ಗಾಳಿಯಲ್ಲಿ ಕೆಲಸ ಮಾಡುತ್ತಿದ್ದವು. ಪ್ಲೇಟು ಇಡುವುದು, ಹಲಗೆ ಎಳೆಯುವುದು, ಮುಚ್ಚಳ ತೆಗೆಯುವುದು, ಒಂದು ಎರಡು ಮೂರು, ಮುಚ್ಚುವುದು. ಹಲಗೆ ಎಳೆಯುವಲ್ಲಿಗೆ ಬಂದಾಗ ಕೈ ನಿಲ್ಲುತ್ತಿತ್ತು. ಎಳೆದಿದ್ದೆನೇ? ಮತ್ತೆ ಮೊದಲಿನಿಂದ. ನಾನು ಅದೇ ಪಡಸಾಲೆಯಲ್ಲಿ ಎದುರಿಗೆ ಕೂತು ಇತಿಹಾಸ ಓದುತ್ತಿದ್ದೆ. ಪ್ಲೇಟುಗಳ ಕಥೆ ಹೇಳುವುದನ್ನು ಅವನು ನಿಲ್ಲಿಸಿದ. ಉಳಿದ ಹನ್ನೊಂದರ ಮೇಲೂ ಅವನಿಗೆ ಭರವಸೆ ಹೋಗಿತ್ತು.

ಎರಡು ವರ್ಷದ ಮೇಲೆ, ಬೇಸಿಗೆ ಕಾಲಿಡುತ್ತಿದ್ದ ಹಾಗೆ, ಮಾಳಿಗೆಗೆ ಹೊಸ ಮಣ್ಣು ಹಾಕಲು ಗೋದಾಯಿ ನಿಚ್ಚಣಿಕೆ ಹತ್ತಿದ್ದಳು. ಬೆಳಕಿಂಡಿಯ ಚೌಕಟ್ಟಿನ ಮರ ಒಂದು ಕಡೆ ಗೆದ್ದಲು ತಿಂದು ಉದುರಿತ್ತು.

"ಹಣಮ್ಯಾ, ಮ್ಯಾಲ ಬಾ."

ಹತ್ತಿ ನೋಡಿದರೆ ಅವಳು ಒಂದು ಗಾಜನ್ನು ಬಿಡಿಸಿ ಬಿಸಿಲಿಗೆ ಹಿಡಿದಿದ್ದಳು. ನಾನು ಕೆರೆಯದೆ ಬಿಟ್ಟಿದ್ದ ಬೆರಳಗಲದ ಅಂಚಿನಲ್ಲಿ ಒಂದು ಕೈ ಇತ್ತು. ಕೈಯಲ್ಲಿ ಬಶಿ ಇತ್ತು. ಮಣಿಕಟ್ಟಿನ ಮೇಲೆ ಕುದುರೆಯ ಲಗಾಮು ಕೊಯ್ದ ಗಾಯದ ಗೆರೆ. ಗಾಜು ಹಿಡಿದಿದ್ದ ಅವಳ ಕೈಯ ಮೇಲೂ ಅದೇ ಗೆರೆ, ಅದೇ ಜಾಗದಲ್ಲಿ. ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಯಾಕ ತೊಳದಿ?"

"ಮೀಸಿ ಆಯಿ ಅಂತ ನಗ್ತಿದ್ದರು."

"ನನಗ ನಕ್ಕರು. ನಿನಗೇನಾಗಿತ್ತು?" ಎಂದಳು. "ಆತು. ನನ್ನದು ಮುಗೀತು. ಶರಣಿಗಿ ಎರಡನೇ ಕೂಸು ಹುಟ್ಯಾದಂತ. ಕೆಳಗ ನಿಮ್ಮ ಮುತ್ಯಾ ಕುಂತಾನ ನೋಡು, ಕೈ ತಿರುವ್ಕೋತ. ತನ್ನ ಕೆಲಸ ತಾನು ಮಾಡಿಲ್ಲ ಅಂತ ತಿಳಕೊಂಡಾನ. ಹೋಗಿ ಹೇಳು."

"ನೀನೇ ಹೇಳು ಆಯಿ."

"ನಾ ಯಾಕ ಹೇಳ್ಲಿ? ಹನ್ನೊಂದು ಅಂದ ಬಾಯಿ ನಿಂದು. ಹನ್ನೆರಡು ಅಂತ ಅದೇ ಬಾಯಿಲೇ ಹೇಳು."

"ಪರೀಕ್ಷಾ ಮುಗದ ಮ್ಯಾಲ ಹೇಳ್ತೇನಿ. ಖರೇನೇ ಹೇಳ್ತೇನಿ."

ಅವಳು ಗಾಜನ್ನು ಮತ್ತೆ ಅದೇ ಜಾಗದಲ್ಲಿ ಕೂಡಿಸಿ, ಅಂಚಿಗೆ ಮಣ್ಣು ಮೆತ್ತಿದಳು. ಮೆಟ್ರಿಕ್ ಪರೀಕ್ಷೆಗೆ ಇಪ್ಪತ್ತು ದಿನ ಇತ್ತು. ಇಪ್ಪತ್ತೂ ದಿನ ನಾನು ಮುತ್ಯಾನ ಮುಂದೆ ಹಾದು ಹೋದೆ. ಗಂಗಾಳ ಇಟ್ಟೆ, ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಗಣಿತದ ಪರೀಕ್ಷೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ಪಡಸಾಲೆಯಲ್ಲಿ ಜನ ಸೇರಿದ್ದರು. ಹೊರಸಿನ ಮೇಲೆ ಅವನನ್ನು ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿ ಅರಿವೆಯಿಂದ ಕಟ್ಟಿದ್ದರು. ಮೂರನೆಯ ದಿನ ಗೋದಾಯಿ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು.

"ಹೇಳಿದ್ದೇನು?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು "ರೊಟ್ಟಿ ಆರಾಕತ್ಯಾವ, ಉಣ್ಣು ಬಾ," ಎಂದಳು. ಮುಂದೆ ಅವಳು ಬದುಕಿದ್ದ ಹದಿನೆಂಟು ವರ್ಷದಲ್ಲಿ ಆ ವಿಷಯ ಎತ್ತಲಿಲ್ಲ, ನನ್ನ ಗಂಗಾಳದ ರೊಟ್ಟಿಯನ್ನು ಒಂದು ದಿನವೂ ಸಣ್ಣದು ಮಾಡಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆ.

ಮೆಟ್ರಿಕ್ ಮುಗಿಸಿ ನಾನು ಬಸ್ ಕಂಡಕ್ಟರ್ ಆದೆ. ಹನ್ನೆರಡು ವರ್ಷ ನನ್ನ ಗಾಡಿ ಕರಜಗಿಯ ಮೇಲೆ ಹಾದುಹೋಗುತ್ತಿತ್ತು. ಕರಜಗಿ ಇಳಿಯೋರು ಮುಂದ ಬರ್ರಿ ಎಂದು ದಿನಕ್ಕೆ ನಾಲ್ಕು ಸಲ ಕೂಗಿ, ಇಳಿಸಿ, ಸೀಟಿ ಊದಿ ಮುಂದೆ ಸಾಗುತ್ತಿದ್ದೆ. ಒಂದು ಸಲವೂ ಆ ನೆಲಕ್ಕೆ ಕಾಲಿಡಲಿಲ್ಲ. ಅಂಬಾರಾಯ ಒಮ್ಮೆ ನನ್ನ ಗಾಡಿಯಲ್ಲೇ ಹತ್ತಿದ್ದ, ಮುದುಕನಾಗಿದ್ದ. ಟಿಕೆಟ್ ಹರಿದು ಕೊಟ್ಟೆ, ಅವನಿಗೆ ನನ್ನ ಗುರುತು ಸಿಗಲಿಲ್ಲ. ಗೋದಾಯಿ ತೀರಿಕೊಂಡಾಗಲೂ ನಾನು ಡ್ಯೂಟಿಯ ಮೇಲಿದ್ದೆ. ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದ ವರ್ಷ ಆ ಚೌಕಟ್ಟನ್ನು ಇಟ್ಟುಕೊಳ್ಳಬೇಕೆಂದು ಹುಡುಕಿದೆ. ಆಳುಗಳು ಹಳೆಯ ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಕಳಿಸಿಬಿಟ್ಟಿದ್ದರು.

ಕಳೆದ ತಿಂಗಳು ಈ ಅಧ್ಯಾಯ ಬರೆಯಲು ಕೂತಾಗ ಒಂದು ಮಾತು ತಿಳಿಯಿತು. ಬರೆದು ಅಚ್ಚು ಹಾಕಿಸಿದರೆ ಓದುವವರು ಯಾರೋ ಓದಿಯಾರು. ಹೇಳಬೇಕಾದವರಿಗೆ ಹೇಳಿದಂತೆ ಆಗುವುದಿಲ್ಲ. ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಹನ್ನೊಂದು ಪ್ಲೇಟುಗಳನ್ನು ದುಪ್ಪಟಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮಗ ಬೇಡವೆಂದ, ಮೊಣಕಾಲು ಬೇಡವೆಂದಿತು. ಕರಜಗಿಯಲ್ಲಿ ಇಳಿದೆ. ಕಬ್ಬಿನ ಗಾಡಿಗಳನ್ನು ದಾಟಿ ಅಂಬಾರಾಯನ ಮನೆ ಕೇಳಿದೆ. ಅವನು ಹೋಗಿ ಬಹಳ ವರ್ಷವಾಗಿದೆ. ಅವನ ಮಗಳು ಶರಣಿ, ಈಗ ಶರಣಮ್ಮ, ಗಂಡ ತೀರಿದ ಮೇಲೆ ಮಗನ ಸಂಸಾರದೊಂದಿಗೆ ಜೇವರ್ಗಿಯಿಂದ ಬಂದು ತವರಿನಲ್ಲೇ ಇದ್ದಾಳೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಕಿವಿ ಸ್ವಲ್ಪ ಮಂದ. ಮಂಚದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಆಳಂದದಿಂದ ಬಂದೆ, ನಿಮ್ಮ ಗೋದತ್ತಿ ಇದ್ದ ಮನೆಯವನು, ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ ಎಂದು ಶುರುಮಾಡಿದೆ. ಪ್ಲೇಟು ತೊಳೆದದ್ದು, ಸುಳ್ಳು ಹೇಳಿದ್ದು, ಮುತ್ಯಾ ಸತ್ತದ್ದು, ಎಲ್ಲ ಒಂದೇ ಉಸಿರಿಗೆ. ಹೇಳುತ್ತ ಅಳು ಬಂತು. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೈ ಎತ್ತಿದಳು.

"ನಿಲ್ಲ್ರಿ. ನೀವು ಅಳೋದು ಆಮ್ಯಾಲ. ನಮ್ಮತ್ತಿ ಏನ್ ಕೆಲಸ ಮಾಡ್ತಿದ್ದಳಂದ್ರಿ?"

"ಕುದುರಿ ಹತ್ತತಿದ್ದಳ್ರಿ. ಸಿನಿಮಾದಾಗ. ನಾಯಕನ ಬದಲಿ."

"ಖರೇನೇ?"

"ಖರೇ ಅದರಿ. ನಾ ಕಣ್ಣಾರೆ ನೋಡೀನಿ ಆ ಪ್ಲೇಟು."

ಅವಳು ಒಳಗಿನ ಕಡೆ ತಿರುಗಿ ಕೂಗಿದಳು. "ಏ ಸುನೀತಾ, ಆ ಟಿವಿ ಬಂದ್ ಮಾಡ ಬೇ. ಹುಡುಗರಿಗಿ ಕರಿ. ಎಲ್ಲರೂ ಬರ್ರಿ ಇಲ್ಲಿ." ಸೊಸೆ ಬಂದಳು, ಇಬ್ಬರು ಮೊಮ್ಮಕ್ಕಳು ಮೊಬೈಲ್ ಹಿಡಿದುಕೊಂಡೇ ಬಂದರು. ಶರಣಮ್ಮ ಗೋಡೆಯ ಮೇಲಿದ್ದ ಅಂಬಾರಾಯನ ಫೋಟೋ ತೋರಿಸಿದಳು. ಕುಂಕುಮ ಹಚ್ಚಿದ ಗಾಜಿನ ಹಿಂದೆ ರುಮಾಲು ಸುತ್ತಿದ ಗಂಭೀರ ಮುಖ.

"ನನ್ನ ಅರಿಷಿಣದ ದಿನ ನಮ್ಮಪ್ಪ ಹಿತ್ತಲದಾಗ ನಿಂತು ಅತ್ತಾನ್ರಿ. ಯಾಕಂತ ಯಾರಿಗೂ ಹೇಳಲಿಲ್ಲ. ಎದ್ದು ನಿಲ್ಲ್ರಿ. ಅವನ ಕಡಿ ಮಾರಿ ಮಾಡಿ ಹೇಳ್ರಿ, ಇವರಿಗೂ ಕೇಳಿಸ್ಲಿ. ನಿಮ್ಮ ತಪ್ಪು ಕಡೀಕ ಹೇಳ್ರಿ, ಹೊತ್ತದ. ಮೊದಲ ನಮ್ಮತ್ತಿ ಕುದುರಿ ಹತ್ತಿದ್ದು ಹೇಳ್ರಿ."

ಮೊಣಕಾಲು ಹಿಡಿದುಕೊಂಡು ಎದ್ದು ನಿಂತೆ. ಇಡೀ ಜೀವಮಾನ ನಾನು ಕ್ಷಮೆ ಕೇಳುವ ಮಾತನ್ನೇ ಕೂಡಿಸಿಟ್ಟುಕೊಂಡಿದ್ದೆ; ಅವಳ ಕಥೆಯನ್ನು ಹೇಗೆ ಹೇಳಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ಚಿಕ್ಕ ಹುಡುಗಿ ಮೊಬೈಲನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಪಂಢರಪುರದ ನದಿಯ ದಂಡೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತು ನಗುತ್ತಿದ್ದಳು ಎಂದು ಶುರುಮಾಡಿದೆ.

"ಜೋರಾಗಿ," ಎಂದಳು ಶರಣಮ್ಮ.